ಆಯೇರದ ವೈರಿಂಗು

ಜೂನ್ 12, ಗುರುವಾರ

ಮಠದ ಪ್ರವಚನದಲ್ಲಿ ಸ್ವಾಮಿಗಳು ಹೇಳಿದರು: ದಿನಕ್ಕೊಬ್ಬರ ಉಪಕಾರ ನೆನೆದು ಬರೆದಿಡಿ, ಸಿಟ್ಟು ತಾನಾಗಿಯೇ ಇಳಿಯುತ್ತದೆ. ನನಗೆ ಸಿಟ್ಟು ಜಾಸ್ತಿ ಅಂತ ಅವರಿಗೆ ಯಾರು ಚಾಡಿ ಹೇಳಿದರೋ! ಅಷ್ಟು ಜನರಲ್ಲಿ ನನ್ನ ಕಡೆಗೇ ನೋಡಿ ಹೇಳಿದರು. ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಸ್ವಾಮಿಗಳು ದೊಡ್ಡ ಜ್ಞಾನಿಗಳು ಗುರವ್ವಾ" ಎಂದು ಮೀಸೆಯೊಳಗೆ ನಕ್ಕರು. ನಿಜಗುಣಪ್ಪ ಅಂತ ಹೆಸರಿಟ್ಟುಕೊಂಡ ಯಜಮಾನರು ನಿಜ ಹೇಳದೆ ಇನ್ನೇನು ಹೇಳುತ್ತಾರೆ. ಇರಲಿ. ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾದಾಗ ಬರೆಯುತ್ತೇನೆ.

ಇವತ್ತಿನ ಉಪಕಾರ ನನ್ನ ತಮ್ಮನ ಮಗ ಸಂಜುವಿನದು. ಫೆಬ್ರವರಿಯಲ್ಲಿ ನಮ್ಮ ಮಗ ಕಲ್ಮೇಶನ ಮದುವೆಗೆ ಊರವರೆಲ್ಲ ಸೀರೆ, ಪಾತ್ರೆ, ಗೋಡೆ ಗಡಿಯಾರ ಆಯೇರ ಮಾಡಿದರು. ಸಂಜು ಹೊಸ ಬಚ್ಚಲುಮನೆಯ ವೈರಿಂಗನ್ನೇ ಆಯೇರ ಮಾಡಿದ. ತವರೂರು ಉಗರಗೋಳದಿಂದ ನಮ್ಮ ಯರಗಟ್ಟಿಗೆ ಬಂದು ಹೋಗಿ ಮಾಡಿ, ತಾನೇ ಗೋಡೆ ಕೊರೆದು, ವೈರು ಎಳೆದು, ಗೀಸರ್ ಕೂರಿಸಿಕೊಟ್ಟ. ಯಾವ ಸಾಲಿಯಲ್ಲೂ ಕಲಿತವನಲ್ಲ, ಅವರಿವರ ಹಿಂದೆ ತಿರುಗಿ ನೋಡಿ ಕಲಿತವನು. ಬಂದ ಬೀಗರ ಮುಂದೆ ಆ ಬಚ್ಚಲುಮನೆ ತೋರಿಸಿ, "ನಮ್ಮ ತವರಮನಿ ಆಯೇರಾರೀ ಇದು" ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತವರಿನ ಹುಡುಗ ಅಂದರೆ ಹೀಗಿರಬೇಕು.

ಚಿಂತೆಯೂ ಒಂದಿದೆ. ಮಳೆ ಶುರುವಾದಾಗಿನಿಂದ ನಮ್ಮ ಎಮ್ಮೆ ಚೆಲುವಿ ಹಿತ್ತಿಲ ತೊಟ್ಟಿಯ ನೀರು ಕುಡಿಯುತ್ತಿಲ್ಲ. ಮೂತಿ ಇಡುತ್ತಾಳೆ, ಬೆದರಿ ಹಿಂದೆ ಸರಿಯುತ್ತಾಳೆ. ಕೇಳಿದರೆ ಸೊಸೆ ಉಮಾಶ್ರೀಗೆ ಅವಳದೇ ರಾಗ.

"ಅತ್ತಿ, ತೊಟ್ಟಿ ನಳ ಹಿಡದ್ರ ಕೈಯೆಲ್ಲ ಜುಂ ಅಂತೈತ್ರಿ."

ಹೋಗಿ ಹಿಡಿದು ನೋಡಿದೆ. ಏನೂ ಇಲ್ಲ! ಹಿಮ್ಮಡಿ ಒಡೆದ ಮೇಲೆ ನಾನು ರಬ್ಬರ್ ಚಪ್ಪಲಿ ಇಲ್ಲದೆ ಹಿತ್ತಿಲಿಗೆ ಇಳಿಯುವವಳಲ್ಲ. ಅವಳೋ, ಎಷ್ಟು ಹೇಳಿದರೂ ಬರಿಗಾಲು. ಎರಡನೆಯ ತಿಂಗಳು ಬೇರೆ. ಬಸುರಿಗೆ ಮೈ ಜುಂ ಅನ್ನದೆ ಇನ್ನೇನು? ಬಟ್ಟೆ ಒಗೆಯುವುದನ್ನು ತಪ್ಪಿಸಿಕೊಳ್ಳಬೇಕು, ಅಷ್ಟೇ.

ಜೂನ್ 16, ಸೋಮವಾರ

ದನದ ಡಾಕ್ಟರು ಬಂದು ಬಾಯಿ ನೋಡಿದರು, ಹೊಟ್ಟೆ ನೋಡಿದರು, ಕಣ್ಣು ನೋಡಿದರು. "ಎಮ್ಮಿ ಆರಾಮ ಐತ್ರೀ ಅವ್ವಾರ, ನೀರ ಒಂದ ಯಾಕ ಒಲ್ಲದೋ" ಎಂದು ತಲೆ ಕೆರೆದುಕೊಂಡು ಹೋದರು. ಮಳೆಯಲ್ಲಿ ಬಂದರಲ್ಲ, ಅವರ ಉಪಕಾರ ನೆನೆಯಬೇಕು.

ಪಕ್ಕದ ಮನೆಯ ಕರೆವ್ವ ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ಮೊಸರಿನ ನೆಪ ಮಾಡಿಕೊಂಡು ಬಂದಳು.

"ಯಕ್ಕಾ, ಎಮ್ಮಿ ಹಿಂಗ ಮೊದಲ ಮಾಡ್ತಿತ್ತೇನ?"

"ಇಲ್ಲವಾ, ಮೊನ್ನಿ ಮೊನ್ನಿ ಸುರು ಆಗೇತಿ."

"ಸೊಸಿ ಬಂದ ಮ್ಯಾಲ ಅನ್ನು. ನಾ ಏನ ಅನ್ನೂದಿಲ್ಲಪಾ. ಕಾಲ್ಗುಣಾ ಅಂತ ಮಂದಿ ಅಂತಾರ."

ಉಮಾಶ್ರೀ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು. ನಾನು ಕರೆವ್ವನಿಗೆ ಏನೂ ಅನ್ನಲಿಲ್ಲ. ಅನ್ನುವುದೇನಿದೆ, ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಸೊಸೆ ಬಂದಳು, ಎಮ್ಮೆ ನೀರು ಬಿಟ್ಟಿತು. ಕಣ್ಣಿಗೆ ಕಂಡದ್ದು.

ಮೊಸರು ಒಯ್ಯುವಾಗ ಕರೆವ್ವ ಪಾತ್ರೆ ತೊಳೆದು ಕೊಡುತ್ತೇನೆಂದಳು. ಉಪಕಾರ.

ಜೂನ್ 19, ಗುರುವಾರ

ಹಾಲು ಇಳಿಯಿತು. ಚಹಾದ ಅಂಗಡಿಯವನು ಬೇರೆ ಕಡೆ ಹಾಲು ಹೇಳಿದ್ದಾನಂತೆ. ಮೆಣಸಿನಕಾಯಿ ನಿವಾಳಿಸಿ ಚೆಲುವಿಯ ದೃಷ್ಟಿ ತೆಗೆದೆ. ಸೊಸೆ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಹಾಲು ಹಿಂಡಲು ಅವಳನ್ನು ಕರೆಯಲಿಲ್ಲ. ಉಪಕಾರ ಯಾರದೂ ಇಲ್ಲ ಇವತ್ತು.

ಜೂನ್ 22, ಭಾನುವಾರ

ಬೆಳಿಗ್ಗೆ ನಮ್ಮವರು ಸ್ನಾನಕ್ಕೆ ಗೀಸರ್ ಹಾಕಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಉಮಾಶ್ರೀ ಹಿತ್ತಿಲಿನಿಂದ ಕೂಗಿದಳು.

"ಅತ್ತಿ! ಲಗೂನ ಬರ್ರಿ, ಚೆಲುವಿ ಕುಡ್ಯಾಕತ್ಯಾಳ್ರಿ!"

ಓಡಿ ಹೋಗಿ ನೋಡಿದೆ. ಹೌದು, ಗಟಗಟ ಕುಡಿಯುತ್ತಿದ್ದಾಳೆ! ಯವ್ವಾ ನನ್ನ ಬಂಗಾರಾ ಅಂತ ಬೆನ್ನು ಸವರಿದೆ. ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಮನೆಯೊಳಗೆ ಫ್ಯಾನು ತಿರುಗಿತು. ಚೆಲುವಿ ಮೂತಿ ಕಿತ್ತುಕೊಂಡು ಹಿಂದೆ ಜಿಗಿದಳು. ನಾನು ಬೀಳುವುದೊಂದು ಬಾಕಿ.

"ನೋಡಿದ್ರೆಲ್ಲ ಅತ್ತಿ. ಕರೆಂಟ್ ಹೋದಾಗ ಕುಡೀತಾಳ, ಬಂದ ಕೂಡ್ಲೆ ಬಿಡ್ತಾಳ. ಅದೂ ಗೀಸರ್ ಹಚ್ಚಿದಾಗ ಅಷ್ಟ, ಆಕಿಗೆ ನೀರ ಕುಡಿಸೂ ಹೊತ್ತಿಗೇ ಗೀಸರ್ ಹಚ್ಚಿರತೈತಿ. ನಾ ದಿನಾ ನೋಡಾಕತ್ತೀನ್ರಿ. ನೀರಾಗ ಕರೆಂಟ್ ಬರಾಕತ್ತೈತಿ. ಲೈಸನ್ಸ್ ಇದ್ದ ಎಲೆಕ್ಟ್ರಿಶಿಯನ್‌ನ ಕರಸೂಣ್ರಿ."

ಕಲ್ಮೇಶನೂ ಅವಳ ಹಿಂದೆ ನಿಂತು ತಲೆ ಆಡಿಸಿದ. ಮದುವೆಯಾದ ಮೇಲೆ ಅವನ ಕೊರಳು ಒಂದೇ ಕಡೆ ಆಡುತ್ತದೆ.

ನನಗೆ ಎಲ್ಲಿತ್ತೋ ಸಿಟ್ಟು. "ಸಂಜು ಮಾಡಿದ ಕೆಲಸಾ ಹೊರಗಿನವರ ಕೈಲೆ ಬಿಚ್ಚಿಸಬೇಕೇನ? ಕೊಟ್ಟ ಸೀರಿ ಹರದ ತೋರಿಸಿದಂಗ ಆಗೂದಿಲ್ಲೇನ ಅದು? ನಮ್ಮ ತಮ್ಮಗ ನಾ ಹೆಂಗ ಮಾರಿ ತೋರಸಲಿ?" ಎಂದೆ. ಆಯೇರವನ್ನು ಯಾರಾದರೂ ತಿದ್ದಿಸುತ್ತಾರೇನು? ಸೀರೆ ಮೋಟಾದರೂ ಉಟ್ಟು ತೋರಿಸುತ್ತೇವೆ, ಪಾತ್ರೆ ನೆಗ್ಗಿದ್ದರೂ ಅಟ್ಟದ ಮೇಲಿಡುತ್ತೇವೆ. ನಮ್ಮಲ್ಲಿ ಅದು ಹಾಗೇ.

ಆದರೂ ಸಂಜುವಿಗೆ ಫೋನ್ ಹಚ್ಚಿದೆ. "ಅತ್ತಿ, ಗೀಸರಿನ ಅರ್ಥಿಂಗ್ ವೈರ್ ನೀರಿನ ಪೈಪಿಗೆ ಬಿಗದ ಕಟ್ಟೀನಿ, ಗಟ್ಟಿ ಐತಿ. ಎಲ್ಲಾ ಮನ್ಯಾಗೂ ಹಂಗ ಮಾಡ್ತೀನಿ. ನೀ ಆರಾಮ ಇರು" ಎಂದ. ಗಟ್ಟಿ ಇದೆ ಎಂದ ಮೇಲೆ ಮುಗಿಯಿತು. ಅಷ್ಟು ಪ್ರೀತಿಯಿಂದ ಮಾತಾಡಿದ, ಅವನ ಉಪಕಾರ.

ಜೂನ್ 26, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಬಲಗೈ ಇನ್ನೂ ಸರಿಯಾಗಿಲ್ಲ, ಅಕ್ಷರ ಸೊಟ್ಟಗಿವೆ.

ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ತೊಟ್ಟಿಗೆ ಅರಿಶಿನ ಕುಂಕುಮ ಏರಿಸಿ ಕಾಯಿ ಒಡೆದರೆ ದೋಷ ಹೋಗುತ್ತದೆ ಎಂದು ಕರೆವ್ವ ಹೇಳಿದ್ದಳು. ಜಳಕ ಮಾಡಿ, ಹಸಿ ಸೀರೆಯಲ್ಲೇ ಹಿತ್ತಿಲಿಗೆ ಹೋದೆ. ಪೂಜೆಗೆ ಚಪ್ಪಲಿ ಹಾಕುವುದುಂಟೇ? ಬರಿಗಾಲು. ಮಳೆ ಬಿದ್ದು ನೆಲವೆಲ್ಲ ರಾಡಿ. ಒಳಗೆ ನಮ್ಮವರ ಜಳಕಕ್ಕೆ ಗೀಸರ್ ಉರಿಯುತ್ತಿತ್ತು. ತೊಟ್ಟಿಗೆ ನೀರು ಬಿಡೋಣವೆಂದು ನಳಕ್ಕೆ ಕೈ ಹಾಕಿದೆ.

ಅಯ್ಯೋ ಶಿವನೇ! ಕೈ ಅಂಟಿತು. ಬಿಡಿಸಿಕೊಳ್ಳಲಾರೆ. ಕೂಗಬೇಕೆಂದು ಬಾಯಿ ತೆರೆದರೆ ದನಿ ಇಲ್ಲ. ಹಲ್ಲು ಕಟಕಟ ಬಡಿಯುತ್ತಿವೆ. ಉಮಾಶ್ರೀ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತದ್ದು ಕಂಡಿತು. ನನ್ನನ್ನು ನೋಡಿದಳು. ನೋಡಿ, ನನ್ನ ಕಡೆ ಬರದೆ ಒಳಗೆ ಓಡಿಬಿಟ್ಟಳು! ಬಿಟ್ಟು ಹೋದಳಲ್ಲ, ಇಷ್ಟು ದಿನದ ಸಿಟ್ಟು ತೀರಿಸಿಕೊಂಡಳಲ್ಲ ಎಂದು ಆ ಸಂಕಟದಲ್ಲೂ ಅನಿಸಿತು.

ಅಷ್ಟರಲ್ಲಿ ಕೈ ಬಿಟ್ಟಿತು. ಕೆಸರಿನಲ್ಲಿ ಕುಕ್ಕರಿಸಿದೆ. ಅವಳು ಹೋಗಿದ್ದು ಪಡಸಾಲೆಯ ಮೇನ್ ಸ್ವಿಚ್ ಕೆಡವಲು.

ಓಡಿ ಬಂದು ನನ್ನನ್ನು ತಬ್ಬಿಕೊಂಡು ಅವಳೇ ಅತ್ತಳು. "ಮುಟ್ಟಿದ್ರ ನಾನೂ ಅಂಟಕೋತಿದ್ನಿ ಅತ್ತಿ, ಅದಕ್ಕ ಓಡಿದ್ನಿರಿ. ಸಿಟ್ಟಾಗಬ್ಯಾಡ್ರಿ" ಅಂತಾಳೆ. ಸತ್ತು ಬದುಕಿದವಳಿಗೆ ಸಿಟ್ಟಾಗಬೇಡಿ ಅಂತಾಳಲ್ಲ, ಏನು ಹುಡುಗಿಯೋ!

ಇವಳು ದಿನಾ ಆ ನಳ ಹಿಡಿದು, ಬರಿಗಾಲಲ್ಲಿ ನಿಂತು ಬಟ್ಟೆ ಒಗೆದಳಲ್ಲ. ಹೊಟ್ಟೆಯಲ್ಲಿ ಕೂಸು. ಸಂಜೆ ದವಾಖಾನೆಗೆ ಇಬ್ಬರೂ ಹೋಗಿ ಬಂದೆವು. ಕೂಸಿಗೆ ಏನೂ ಆಗಿಲ್ಲ ಎಂದರು ಡಾಕ್ಟರಮ್ಮ. ಅವರ ಕಾಲು ಮುಟ್ಟಲು ಹೋದೆ, ಬೇಡ ಎಂದು ಬೈದರು.

ಕಲ್ಮೇಶನಿಗೆ ನಾನೇ ಹೇಳಿದೆ, ಲೈಸನ್ಸ್ ಇದ್ದವರನ್ನು ಕರೆದುಕೊಂಡು ಬಾ ಎಂದು. ನಮ್ಮವರು ಕೊಡದಲ್ಲಿ ಬಾವಿ ನೀರು ತಂದು ಚೆಲುವಿಗೆ ಕುಡಿಸಿದರು. ಮದುವೆಯಾದಂದಿನಿಂದ ಅವರು ಕೊಡ ಮುಟ್ಟಿದ್ದು ಇದೇ ಮೊದಲು.

ಜೂನ್ 28, ಶನಿವಾರ

ಸವದತ್ತಿಯಿಂದ ಎಲೆಕ್ಟ್ರಿಶಿಯನ್ ಬಂದರು ಎಂದಾಗ ಹೊರಗೆ ನೋಡಿದರೆ ಒಬ್ಬ ಹುಡುಗಿ! ಪ್ಯಾಂಟು, ದಪ್ಪ ಬೂಟು, ಬೆನ್ನಿಗೆ ಚೀಲ. ಹೆಸರು ಪ್ರಜ್ಞಾ, ಸವದತ್ತಿಯ ಭರಮಪ್ಪನ ಮಗಳು. ಸಂತೆಗೆಲ್ಲ ಕೇಳುವಂತೆ ಮಾತಾಡುತ್ತಾಳೆ. ಯಾವ ಮಂದಿ ಎಂದು ನಮ್ಮವರ ಕಿವಿಯಲ್ಲಿ ಕೇಳಿದೆ, ಹೇಳಿದರು. ಚಹಾ ಪೇಪರ್ ಕಪ್ಪಿನಲ್ಲಿ ಕೊಟ್ಟೆ. ಮನೆಯ ಕಪ್ಪುಗಳು ತೊಳೆದಿರಲಿಲ್ಲ ಅಂತ ಇಟ್ಟುಕೊಳ್ಳೋಣ. ಅವಳು ಕಪ್ಪನ್ನು ನೋಡಿ, "ಆಮ್ಯಾಲ ಕುಡೀತೇನ್ರಿ" ಎಂದು ಕಟ್ಟೆಯ ಮೇಲಿಟ್ಟಳು. ಕುಡಿಯಲೇ ಇಲ್ಲ. ಚಹಾ ಆರಿಹೋಯಿತು.

ಏನೇನೋ ಹಚ್ಚಿ ಅಳೆದು ನೋಡಿದಳು. ಆಮೇಲೆ ನಮ್ಮನ್ನೆಲ್ಲ ಹಿತ್ತಿಲಿಗೆ ಕರೆದಳು.

"ಇಲ್ನೋಡ್ರಿ ಅವ್ವಾರ. ಗೀಸರ್ ಒಳಗ ಕೆಟ್ಟೈತಿ, ಕರೆಂಟ್ ಸೋರಾಕತ್ತೈತಿ. ಸೋರಿದ್ದು ಭೂಮಿಗೆ ಹೋಗ್ಲಿ ಅಂತ ಅರ್ಥಿಂಗ್ ಕೊಡೂದು. ಇವರು ಭೂಮಿಗೆ ಕೊಡೂ ಬದಲಿ ನೀರಿನ ಪೈಪಿಗೆ ಕಟ್ಟ್ಯಾರ."

"ಪೈಪು ನೆಲದಾಗ ಹೋಗೇತೆಲ್ಲವಾ?"

"ಕಾಣೂದಷ್ಟ ಕಬ್ಬಿಣದ್ದು, ನೆಲದಾಗ ಪ್ಲಾಸ್ಟಿಕ್ ಐತ್ರಿ. ಕರೆಂಟಿಗೆ ಭೂಮಿಗೆ ಹೋಗಾಕ ದಾರಿನ ಇಲ್ಲ. ಯಾರ ನಳ ಹಿಡೀತಾರ, ಅವರ ಮೈಯಾಗ ದಾರಿ ಮಾಡ್ಕೋತೈತಿ. ನಿಮ್ಮ ಎಮ್ಮಿ ನಾಕೂ ಕಾಲು ಹಸಿ ನೆಲದಾಗ, ಮೂತಿ ನೀರಾಗ. ಅದಕ್ಕ ಮೊದಲ ತಿಳೀತು. ಮಳಿ ಹೆಚ್ಚಾದಂಗ ನಿಮಗೂ ತಿಳೀತು."

ಚೆಲುವಿ ಅಲ್ಲೇ ಗೂಟದ ಬಳಿ ನಿಂತು ಮೆಲುಕು ಹಾಕುತ್ತಿದ್ದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಮೆಣಸಿನಕಾಯಿ ಹೊಗೆ ಹಾಕಿ ಅವಳ ಕಣ್ಣು ಉರಿಸಿದ್ದೆನಲ್ಲ.

ಆದರೂ ಕೇಳಿಯೇ ಬಿಟ್ಟೆ. "ಲೈಸನ್ಸ್ ಇದ್ರ ಏನ ಹೆಚ್ಚಾತವಾ? ನಮ್ಮ ಹುಡುಗಾನೂ ಮನಸ್ಸಿಟ್ಟ ಮಾಡ್ಯಾನ."

"ಮನಸ್ಸಿಟ್ಟ ಮಾಡಿರಬೌದ್ರಿ, ಇಲ್ಲ ಅನ್ನೂದಿಲ್ಲ. ಆದ್ರ ನನ್ನ ಪರೀಕ್ಷಾ ಮಾಡಿ ಪರವಾನಗಿ ಕೊಟ್ಟಾರ. ನಾ ಮಾಡಿದ ಕೆಲಸಕ್ಕ ನನ್ನ ಹೆಸರ ಹಾಕಿ ಸಹಿ ಮಾಡ್ತೇನಿ. ತಪ್ಪಾದ್ರ ನೀವು ನನ್ನ ಮನಿ ಬಾಗಲಕ ಬಂದ ಜಗಳಾ ಮಾಡ್ತೀರಿ, ನನ್ನ ಪರವಾನಗಿನೂ ಹೋಗತೈತಿ. ತಮ್ಮನ ಮಗನ್ನ ಹಂಗ ಹಿಡದ ಕೇಳಾಕ ನಿಮಗ ಆಕ್ಕೈತೇನ್ರಿ?"

ಸೊಸೆ ಹೇಳಿದಂದೇ ನಾನು ಸಂಜುವನ್ನು ಹಿಡಿದು ಕೇಳಿದ್ದರೆ! ಗಟ್ಟಿ ಐತಿ ಎಂದ, ಗಟ್ಟಿ ಐತಿ ಎಂದುಕೊಂಡೆ. ಹೊರಗಿನವನಾಗಿದ್ದರೆ ನನ್ನ ಬಾಯಿಗೆ ಸಿಕ್ಕು ಬದುಕುತ್ತಿರಲಿಲ್ಲ.

ಹೋಗುವಾಗ ಪ್ರಜ್ಞಾ ಉಮಾಶ್ರೀಯ ಭುಜ ತಟ್ಟಿ, "ಅವತ್ತ ನೀವು ಅತ್ತೀನ ಮುಟ್ಟದ ಮೇನ್ ಕೆಡವಿದ್ರೆಲ್ಲ, ಮನ್ಯಾಗಿನ ಮೂರ ಜೀವಾ ಉಳಿಸಿದ್ರಿ" ಎಂದಳು. ಅತ್ತೆ, ಸೊಸೆ, ಕೂಸು.

ಇವತ್ತಿನ ಉಪಕಾರ ಬರೆಯಲು ಹಾಳೆ ಸಾಲದು.

ಜೂನ್ 30, ಸೋಮವಾರ

ಎರಡು ದಿನ ಕೆಲಸ. ಹಿತ್ತಿಲ ಮೂಲೆಯಲ್ಲಿ ಆಳವಾಗಿ ತಗ್ಗು ತೋಡಿಸಿ, ಕೊಳವೆ ನಿಲ್ಲಿಸಿ, ಸುತ್ತ ಉಪ್ಪು ಇದ್ದಿಲು ತುಂಬಿದರು. ಕರೆವ್ವ ಗೋಡೆಯಾಚೆಯಿಂದ, "ಉಪ್ಪ, ಇದ್ದಲಿ... ಇದೂ ದೃಷ್ಟಿ ತಗದಂಗ ಐತೆಲ್ಲ ಯಕ್ಕಾ!" ಎಂದಳು. ಪ್ರಜ್ಞಾ ಬಿದ್ದು ಬಿದ್ದು ನಕ್ಕಳು. ಕರೆಂಟು ಎಲ್ಲೇ ಸೋರಿದರೂ ತಾನೇ ಟಪ್ ಎಂದು ಬೀಳುವ ಒಂದು ಸ್ವಿಚ್ಚನ್ನೂ ಮೇನ್ ಬೋರ್ಡಿಗೆ ಕೂರಿಸಿದಳು. ಕೆಟ್ಟ ಗೀಸರ್ ತೆಗೆಸಿದಳು. ಸಂಜು ಎಳೆದ ವೈರೆಲ್ಲ ಹೊರಗೆ ಬಂತು. ಸುತ್ತಿ ಮೂಲೆಯಲ್ಲಿಟ್ಟದ್ದನ್ನು ಎತ್ತಿ ಅಟ್ಟದ ಮೇಲಿಟ್ಟೆ. ಎಷ್ಟು ಆಸೆಯಿಂದ ಹಾಕಿದ್ದ ಪಾಪ.

ಹೊಸ ಗೀಸರ್ ಹಾಕಿ, ದೀಪ ಕೆಂಪಗಾದ ಮೇಲೆ, ಚೆಲುವಿಯನ್ನು ಬಿಚ್ಚಿ ತೊಟ್ಟಿಗೆ ತಂದೆವು. ಎಲ್ಲರೂ ಸುತ್ತ ನಿಂತೆವು. ಮೂಸಿದಳು. ಮೂತಿ ಇಟ್ಟಳು. ಕುಡಿದಳು, ತೊಟ್ಟಿ ಖಾಲಿಯಾಗುವವರೆಗೆ ಕುಡಿದಳು.

ಉಮಾಶ್ರೀ ನಳ ತಿರುಗಿಸಲು ಕೈ ಚಾಚಿದಳು. ಅವಳ ಕೈಗೆ ಛಟ್ಟನೆ ಹೊಡೆದೆ. ಮೊದಲು ನಾನು ಬರಿಗಾಲಲ್ಲಿ ನಿಂತು ಹಿಡಿದು ನೋಡಿದೆ. ಕಣ್ಣು ಮುಚ್ಚಿಕೊಂಡೇ ಹಿಡಿದೆ. ಏನೂ ಆಗಲಿಲ್ಲ. ಆಮೇಲೆ ಅವಳನ್ನು ಬಿಟ್ಟೆ.

ಜುಲೈ 4, ಶುಕ್ರವಾರ

ತಮ್ಮ ಮಲಕಾಜಪ್ಪ ಉಗರಗೋಳದಿಂದ ಬಂದಿದ್ದ. ಚಪ್ಪಲಿ ಕೂಡ ಬಿಡಲಿಲ್ಲ.

"ಅಕ್ಕಾ, ನನ್ನ ಮಗಾ ಕೊಟ್ಟ ಆಯೇರ ಕಿತ್ತ ಒಗಸಿದ್ಯಂತ. ಅದೂ ಯಾರ ಕೈಲೆ!"

"ಕಿತ್ತ ಕೈ ನನ್ನ ಮನಿ ಉಳಿಸೇತಿ ಮಲಕಾಜಪ್ಪ. ಒಳಗ ಬಾ, ಕುಂದ್ರು. ಏನಾತಂತ ಹೇಳ್ತೇನಿ."

"ಏನ ಕೇಳೂದೈತಿ. ಸಂಜೂಗ ಒಂದ ಮಾತ ಹೇಳಿದ್ರ ಬಂದ ಮಾಡ್ತಿದ್ದಿಲ್ಲೇನ? ಊರಾಗ ಅವನ್ನ ಯಾರ ಕರೀತಾರ ಇನ್ನ?"

"ಅವಗ ಹೇಳಿದ್ನೊ. ಗಟ್ಟಿ ಐತಿ ಅಂದ. ನಾ ಆ ನಳಕ್ಕ ಅಂಟಕೊಂಡ ಹೋಗಿದ್ರ ನೀನ ಬಂದ ಅಳತಿದ್ದಿ. ನನ್ನ ಬಿಡು, ಬಸರಿ ಹೆಂಗಸು ದಿನಾ ಅಲ್ಲೆ ನಿಂದರತಿದ್ಲು."

ಸೊಸೆ ಚಹಾ ತಂದಿಟ್ಟಳು. ಮುಟ್ಟಲಿಲ್ಲ. ಹೊರಟುಹೋದ. ನಾನು ಕರೆಯಬಹುದಿತ್ತು, ಕರೆಯಲಿಲ್ಲ.

ಉಮಾಶ್ರೀ ಏನೂ ಕೇಳದೆ ನನ್ನ ಪಕ್ಕದಲ್ಲಿ ಕೂತು ಶೇಂಗಾ ಸುಲಿದಳು. ಕೆಲವರು ಸುಮ್ಮನಿರುವುದೂ ಉಪಕಾರವೇ.

ಜುಲೈ 29, ಮಂಗಳವಾರ

ನಾಗರಪಂಚಮಿ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರದ ವರ್ಷವೇ ಇರಲಿಲ್ಲ. ಈ ವರ್ಷ ಯಾರೂ ಬರಲಿಲ್ಲ. ಬಸ್ಸಿನ ಸಪ್ಪಳವಾದಾಗಲೆಲ್ಲ ಬಾಗಿಲಿಗೆ ಹೋಗಿ ಬಂದೆ. ಅತ್ತುಬಿಟ್ಟೆ. ಬರೆಯಲು ನಾಚಿಕೆ ಏನು, ದೇವರ ಕೋಣೆಯಲ್ಲಿ ಕೂತು ಅತ್ತೆ.

ಉಮಾಶ್ರೀಗೆ ಇದು ಮೊದಲ ಪಂಚಮಿ. ರಾಮದುರ್ಗದಿಂದ ಅವಳ ಅಣ್ಣ ಕರೆಯಲು ಬಂದಿದ್ದ. "ಅತ್ತೀನೂ ಬರ್ತಾರಣ್ಣಾ, ಇಬ್ರೂ ಬರ್ತೇವಿ" ಎಂದುಬಿಟ್ಟಳು. ಎಲಾ ಇವಳ! ಸೊಸೆಯ ತವರಿಗೆ ಅತ್ತೆ ಪಂಚಮಿಗೆ ಹೋದದ್ದನ್ನು ಯಾರಾದರೂ ಕೇಳಿದ್ದೀರಾ? ಒಲ್ಲೆ ಎಂದೆ. ಹಾಗಾದರೆ ನಾನೂ ಹೋಗುವುದಿಲ್ಲ ಎಂದು ಚೀಲ ಒಳಗಿಟ್ಟಳು. ಎಷ್ಟು ಬೈದರೂ ಕೇಳಲಿಲ್ಲ, ಅವಳಣ್ಣ ನಗುತ್ತಾ ಒಬ್ಬನೇ ಹೋದ. ಮಧ್ಯಾಹ್ನ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಮಾಡಿದಳು. ಎಳ್ಳುಂಡಿ ಕಲ್ಲಿನಂತಿದ್ದವು. ತಟ್ಟೆ ಖಾಲಿ ಮಾಡಿದೆ.

ಕರೆವ್ವ ಬಂದು, "ಸೊಸಿ ತವರಿಗೆ ಹೋಗಲಿಲ್ಲೇನ? ಏನರ ಆಗೇತೇನ?" ಎಂದು ಹುಳುಕು ಹುಡುಕಿದಳು. "ಆಕಿ ಕಾಲ್ಗುಣಾ ಭಾಳ ಚೊಲೋ ಐತಿ ಕರೆವ್ವ, ಹೊರಗ ಬಿಡಾಕ ಮನಸ್ಸ ಬರವಲ್ದು" ಎಂದು ಒಂದು ಉಂಡಿ ಅವಳ ಬಾಯಿಗೆ ತುರುಕಿ ಕಳಿಸಿದೆ.

ಸೆಪ್ಟೆಂಬರ್ 14, ಭಾನುವಾರ

ಸಂಜು ಬಂದಿದ್ದ. ಅಪ್ಪನಿಗೆ ಹೇಳದೆ ಬಂದಿದ್ದಾನೆ. ಸೊರಗಿದ್ದಾನೆ. ಹಿತ್ತಿಲಿಗೆ ಹೋಗಿ ಆ ತಗ್ಗನ್ನು, ಬೋರ್ಡನ್ನು, ಎಲ್ಲವನ್ನೂ ನೋಡಿದ. ಉಮಾಶ್ರೀಯ ಮುಂದೆ ನಿಂತು ಏನೋ ಹೇಳಲು ಹೋದ. "ಊಟಾ ಮಾಡಬಾರೊ ಮೊದಲ" ಎಂದು ಅವಳೇ ತಾಟು ಹಾಕಿದಳು.

"ಅತ್ತಿ, ನಾ ಹಂಗ ಕಟ್ಟಿದ ಮನಿ ಇನ್ನೂ ಅದಾವು. ನಿದ್ದಿ ಬರವಲ್ದು. ಪ್ರಜ್ಞಾ ಅವರ ನಂಬರ್ ಕೊಡು. ಅವರನ್ನ ಕರಕೊಂಡ ಒಂದೊಂದ ಮನಿಗೆ ಹೋಗ್ತೇನಿ" ಎಂದ.

ಮಂದಿ ಬಾಗಿಲಿಗೆ ತಾನಾಗಿ ಹೋಗಿ ನನ್ನ ಕೆಲಸ ತಪ್ಪಾಗಿದೆ ಎನ್ನುವುದು ಸಣ್ಣ ಮಾತಲ್ಲ. ಬಂಗಾರದಂಥ ಹುಡುಗ. ನಂಬರ್ ಕೊಟ್ಟೆ. ಅವನ ತಲೆ ಸವರಿದೆ.

ನವೆಂಬರ್ 7, ಶುಕ್ರವಾರ

ಬರುವ ವಾರ ಉಮಾಶ್ರೀಯ ಸೀಮಂತದ ಕುಬಸ. ಏಳನೆಯ ತಿಂಗಳು. ಕುಬಸ ಮುಗಿಸಿಕೊಂಡು ಚೊಚ್ಚಲ ಬಾಣಂತನಕ್ಕೆ ರಾಮದುರ್ಗಕ್ಕೆ ಕರೆದೊಯ್ಯುತ್ತೇವೆ ಎಂದು ಬೀಗರು ಹೇಳಿ ಕಳಿಸಿದ್ದರು. ಸೈ ಎಂದೆ. ಆದರೆ ರಾತ್ರಿಯೆಲ್ಲ ಹೊರಳಾಡಿದೆ. ಬೀಗರದು ಹಳೆಯ ಮನೆ. ಅಲ್ಲಿ ವೈರಿಂಗು ಯಾರು ಮಾಡಿದ್ದಾರೋ, ಯಾರ ಪೈಪಿಗೆ ಏನು ಕಟ್ಟಿದ್ದಾರೋ!

ಪ್ರಜ್ಞಾಳಿಗೆ ಫೋನ್ ಮಾಡಿದೆ. "ಬರ್ರಿ ಅವ್ವಾರ, ಹೋಗೂಣು" ಎಂದಳು. ಇವತ್ತು ಬೆಳಿಗ್ಗೆ ಇಬ್ಬರೂ ರಾಮದುರ್ಗದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾತೇ ಮಾತು ಆ ಹುಡುಗಿಯದು, ಕಂಡಕ್ಟರನನ್ನೂ ಬಿಡಲಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಪಲ್ಯ ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದೆವು. ನನ್ನ ಬಾಟಲಿಯ ನೀರು ಮುಕ್ಕಾಲು ಅವಳೇ ಕುಡಿದಳು, ಉಳಿದದ್ದು ನನಗೆ ಸಾಲಲಿಲ್ಲ.

ಹೇಳದೆ ಕೇಳದೆ ಬಂದ ನಮ್ಮನ್ನು ನೋಡಿ ಬೀಗತಿ ಗಾಬರಿಯಾದರು. ಬಂದ ಕಾರಣ ಹೇಳಿದೆ. ಮುಖ ಬಿಗಿಯಿತು.

"ಆಕಿ ಹುಟ್ಟಿ ಬೆಳದ ಮನೀರಿ ಇದು. ಇಷ್ಟ ವರ್ಷ ಏನೂ ಆಗಿಲ್ಲ. ನಮ್ಮ ಮನಿ ಮ್ಯಾಲ ಸಂಶೆ ಏನ್ರಿ ನಿಮಗ?"

ತಪ್ಪು ತಿಳಿದರಲ್ಲ ಎಂದು ನನಗೆ ಸಂಕಟವಾಯಿತು. ಅವರ ಕೈ ಹಿಡಿದುಕೊಂಡು ಇದ್ದದ್ದು ಇದ್ದಂತೆ ಹೇಳಿದೆ.

"ಮನಿ ಮ್ಯಾಲ ಸಂಶೆ ಇಲ್ರಿ, ನಿಮ್ಮ ಮ್ಯಾಲೂ ಇಲ್ಲ. ನನ್ನ ಮಗಳು ಬರಿಗಾಲಿಲೆ ತಿರಗತಾಳ್ರಿ, ಎಷ್ಟ ಬೈದ್ರೂ ಚಪ್ಪಲ ಹಾಕೂದಿಲ್ಲ. ಆಕಿ ಕಾಲಿಡೂದರಾಗ ನೆಲಾ ಒಂದ ನೋಡಿ ಹೋಗೂಣಂತ ಬಂದೇನ್ರಿ."

ಬೀಗತಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಸೆರಗಿನಿಂದ ಕಣ್ಣೊರೆಸಿಕೊಂಡು, ಪ್ರಜ್ಞಾಳನ್ನು ಕರೆದುಕೊಂಡು ಹೋಗಿ ಮೇನ್ ಸ್ವಿಚ್ ಎಲ್ಲಿದೆ ಎಂದು ತಾವೇ ತೋರಿಸಿದರು. ಅಳುವಂಥ ಮಾತು ನಾನು ಏನು ಆಡಿದೆನೋ, ಬಸ್ಸಿನಲ್ಲಿ ಬರುವಾಗ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.